ಗೆದ್ದವನ ಅಂತರ: ವರ್ಜೀನಿಯಾ ಗವರ್ನರ್ ಚುನಾವಣೆ, 1989

1

ಗವರ್ನರ್ ಅಂದಕೂಡಲೇ ನಮಗೆ ನೆನಪಾಗುವುದು ರಾಜಭವನ, ಪ್ರಮಾಣವಚನ, ಸ್ವಾತಂತ್ರ್ಯ ದಿನದ ಚಹಾಕೂಟ. ಅವರನ್ನು ಯಾರೂ ಆರಿಸುವುದಿಲ್ಲ, ದಿಲ್ಲಿ ಕಳಿಸುತ್ತದೆ. ಅಮೆರಿಕದ ಗವರ್ನರ್ ಹಾಗಲ್ಲ. ನಮ್ಮ ಮುಖ್ಯಮಂತ್ರಿ ಮಾಡುವ ಕೆಲಸವನ್ನು ಅಲ್ಲಿ ಮಾಡುವವನು ಅವನೇ. ಬಜೆಟ್ ಅವನ ಕೈಲಿ, ಮಸೂದೆಗೆ ಸಹಿ ಅವನದು, ಗಲ್ಲಿಗೆ ಹೋಗುವವನಿಗೆ ಕ್ಷಮೆ ಕೊಡುವವನೂ ಬಹುಪಾಲು ರಾಜ್ಯಗಳಲ್ಲಿ ಅವನೇ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ ಅವನನ್ನು ಆರಿಸುವವರು ಶಾಸಕರಲ್ಲ. ಇಡೀ ರಾಜ್ಯವೇ ಒಂದು ಕ್ಷೇತ್ರ. ಬೆಟ್ಟದ ಮೇಲಿನ ಗಣಿ ಕೂಲಿಕಾರನಿಂದ ಹಿಡಿದು ಪಟ್ಟಣದ ಬ್ಯಾಂಕ್ ಮ್ಯಾನೇಜರ್‌ವರೆಗೆ ಎಲ್ಲರೂ ಒಂದೇ ದಿನ, ಅದೇ ಇಬ್ಬರು ಮೂವರು ಅಭ್ಯರ್ಥಿಗಳ ಮುಂದೆ ನಿಂತು ಒಬ್ಬನನ್ನು ಆರಿಸಬೇಕು.

ಇದರಿಂದ ಒಂದು ಪ್ರಯೋಜನವಿದೆ. ಅಭ್ಯರ್ಥಿ ಕರಿಯನಾಗಿದ್ದರೆ ಆ ರಾಜ್ಯದ ಬಿಳಿಯರ ಮನಸ್ಸಿನಲ್ಲಿ ಏನಿದೆ ಎಂಬುದು ಅಂಕಿಯಾಗಿ ಕಾಗದದ ಮೇಲೆ ಬಂದು ಕೂರುತ್ತದೆ. ಅಲ್ಲಿ ಮೀಸಲು ಕ್ಷೇತ್ರದ ನೆರಳಿಲ್ಲ, ಹೈಕಮಾಂಡಿನ ಪರದೆಯೂ ಇಲ್ಲ. ಆದ್ದರಿಂದಲೇ ದಲಿತ ವಿಮರ್ಶೆಯ ಸಂಚಿಕೆಗೆ ನಾನು ಕಾವ್ಯ ಕಾದಂಬರಿಗಳನ್ನು ಬಿಟ್ಟು ಒಂದು ಫಲಿತಾಂಶದ ಪಟ್ಟಿಯನ್ನು ಎತ್ತಿಕೊಂಡಿದ್ದೇನೆ. ಪಟ್ಟಿಯೂ ಒಂದು ಪಠ್ಯವೇ. ಕಾದಂಬರಿಯಲ್ಲಿ ಜಾತಿಯ ಕಣ್ಣು ಎಲ್ಲಿ ಅಡಗಿದೆ ಎಂದು ಹುಡುಕುವ ನಾವು ಅಂಕಿಗಳ ಮುಂದೆ ಮಾತ್ರ ಕೈಮುಗಿದು ನಿಲ್ಲಬೇಕಾಗಿಲ್ಲ.

ನಮಗೂ ಅಮೆರಿಕದ ಕರಿಯರಿಗೂ ಇರುವ ನಂಟು ಹಳೆಯದು. ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಅಂಬೇಡ್ಕರ್ 1946ರಲ್ಲಿ ಡಬ್ಲ್ಯು.ಇ.ಬಿ. ದು ಬೋಯಿಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕರಿಯರು ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ತಮ್ಮನ್ನು ಪ್ಯಾಂಥರ್ಸ್ ಎಂದು ಕರೆದುಕೊಂಡರು. ಘೋಷಣೆಗಳ ಆಚೆಗೆ, ಅವರು ವೋಟಿನ ಪೆಟ್ಟಿಗೆಯಲ್ಲಿ ಉಂಡದ್ದೇನು ಎಂಬುದನ್ನೂ ನಾವು ಓದಬೇಕು.

2

ಫುಲೆಯವರ ಪುಸ್ತಕ ಬಂದ ವರ್ಷದ ಜನವರಿಯಲ್ಲೇ ಲೂಸಿಯಾನಾ ರಾಜ್ಯದಲ್ಲಿ ಪಿ.ಬಿ.ಎಸ್. ಪಿಂಚ್‌ಬ್ಯಾಕ್ ಎಂಬ ಕರಿಯ ಗವರ್ನರ್ ಕುರ್ಚಿಯಿಂದ ಇಳಿದ. ಅವನು ಕೂತದ್ದು ಒಟ್ಟು 35 ದಿನ. ಜನ ಆರಿಸಿದ ಗವರ್ನರನ ಮೇಲೆ ಮಹಾಭಿಯೋಗ ಬಂದದ್ದರಿಂದ ಖಾಲಿಯಾದ ಜಾಗ ಅದು. ಅಂದರೆ ಆ ಕುರ್ಚಿಗಾಗಿ ಅವನಿಗೆ ಯಾರೂ ವೋಟು ಹಾಕಿರಲಿಲ್ಲ. ಅಲ್ಲಿಂದ ಮುಂದೆ ಒಬ್ಬ ಕರಿಯ ಜನರ ವೋಟಿನಿಂದಲೇ ಗವರ್ನರ್ ಆಗಲು 1989 ಬರಬೇಕಾಯಿತು. ಅದೂ ಎಲ್ಲಿ? ವರ್ಜೀನಿಯಾದಲ್ಲಿ.

ವರ್ಜೀನಿಯಾ ಎಂಥ ನೆಲ ಎನ್ನುವುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1860ರ ಲೆಕ್ಕದಲ್ಲಿ ಅತಿ ಹೆಚ್ಚು ಗುಲಾಮರಿದ್ದ ರಾಜ್ಯ ಅದು: ಸುಮಾರು 4 ಲಕ್ಷ 90 ಸಾವಿರ. ಗುಲಾಮಗಿರಿ ಉಳಿಸಿಕೊಳ್ಳಲು ಸಿಡಿದುಹೋದ ದಕ್ಷಿಣದ ರಾಜ್ಯಗಳ ರಾಜಧಾನಿ ಅದರ ರಿಚ್‌ಮಂಡ್ ಪಟ್ಟಣ. ಯುದ್ಧದಲ್ಲಿ ಸೋತ ಮೇಲೆ, 1867ರಲ್ಲಿ, ಅಲ್ಲಿಯ ಕರಿಯ ಗಂಡಸರು ಮೊದಲ ಸಲ ವೋಟು ಹಾಕಿದರು. ಹೊಸ ಸಂವಿಧಾನ ಬರೆಯುವ ಸಭೆಗೆ ಇಪ್ಪತ್ತಕ್ಕೂ ಹೆಚ್ಚು ಕರಿಯರು ಆರಿಸಿ ಬಂದರು. ಆ ವೋಟನ್ನು ಕಿತ್ತುಕೊಳ್ಳಲು ಬಿಳಿಯರಿಗೆ ಮೂವತ್ತೈದು ವರ್ಷ ಹಿಡಿಯಿತು. ಕಿತ್ತುಕೊಂಡ ಬಗೆಯನ್ನು ನೋಡಿ.

1902ರ ಸಂವಿಧಾನದಲ್ಲಿ ಕರಿಯರು ವೋಟು ಹಾಕಬಾರದು ಎಂಬ ಒಂದೇ ಒಂದು ವಾಕ್ಯವಿಲ್ಲ. ಹಾಗೆ ಬರೆದರೆ ಅಮೆರಿಕದ ಸಂವಿಧಾನದ ಹದಿನೈದನೇ ತಿದ್ದುಪಡಿ ಅಡ್ಡ ಬರುತ್ತಿತ್ತು. ಅದರ ಬದಲು ತಲೆಗಂದಾಯ ತಂದರು. ವರ್ಷಕ್ಕೆ ಒಂದೂವರೆ ಡಾಲರು. ಮೂರು ವರ್ಷದ ಬಾಕಿ ಪೂರ್ತಿ ಕಟ್ಟಬೇಕು. ಚುನಾವಣೆಗೆ ಆರು ತಿಂಗಳು ಮೊದಲೇ ಕಟ್ಟಬೇಕು. ಚುನಾವಣೆಯ ಗಾಳಿ ಇನ್ನೂ ಏಳದ ಹೊತ್ತಿನಲ್ಲಿ ಕೂಲಿಯವನು ಹಣ ಹೊಂದಿಸಿಕೊಂಡು ಹೋಗಿ ರಸೀದಿ ತರಬೇಕು. ಇದು ಸಾಲದೆಂದು, ಯಾರ ಸಹಾಯವೂ ಇಲ್ಲದೆ ಸ್ವಂತ ಕೈಬರಹದಲ್ಲಿ ಅರ್ಜಿ ಬರೆಯಬೇಕು, ಅಧಿಕಾರಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಸಭೆಯ ಸದಸ್ಯ ಕಾರ್ಟರ್ ಗ್ಲಾಸ್ ಮುಚ್ಚುಮರೆಯಿಲ್ಲದೆ ಹೇಳಿದ: ತಾರತಮ್ಯ ಮಾಡುವುದಕ್ಕೇ ನಾವಿಲ್ಲಿ ಸೇರಿದ್ದೇವೆ ಅಂತ. ಆ ಸಂವಿಧಾನವನ್ನು ಜನರ ವೋಟಿಗೂ ಹಾಕಲಿಲ್ಲ, ಸಭೆಯೇ ಜಾರಿ ಎಂದು ಸಾರಿಬಿಟ್ಟಿತು. ಬಡ ಬಿಳಿಯರೂ ಸಾವಿರಗಟ್ಟಲೆ ವೋಟು ಕಳೆದುಕೊಂಡರು. ಕರಿಯನನ್ನು ಹೊರಗಿಡುತ್ತಾರಲ್ಲ ಎಂಬ ಸಮಾಧಾನದಲ್ಲಿ ಅವರಲ್ಲಿ ಹಲವರು ತಮ್ಮ ನಷ್ಟವನ್ನು ನುಂಗಿಕೊಂಡರು. ಈ ರೋಗ ನಮಗೆ ಗೊತ್ತಿಲ್ಲದ್ದೇನಲ್ಲ.

ಈ ತಲೆಗಂದಾಯ ರಾಜ್ಯದ ಚುನಾವಣೆಗಳಲ್ಲಿ ಬಿದ್ದುಹೋದದ್ದು 1966ರಲ್ಲಿ, ಆನಿ ಹಾರ್ಪರ್ ಎಂಬ ಕರಿಯ ಹೆಂಗಸಿನ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ. ಅದಕ್ಕೂ ಮೊದಲು ಆ ರಾಜ್ಯ ಇನ್ನೊಂದು ಕೆಲಸ ಮಾಡಿತ್ತು. 1951ರಲ್ಲಿ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಎಂಬ ಹುಡುಗಿ ಕರಿಯರ ಶಾಲೆಯ ದುರವಸ್ಥೆಯ ವಿರುದ್ಧ ಮುಷ್ಕರ ಹೂಡಿದಳು. ಅಲ್ಲಿಂದ ಹುಟ್ಟಿದ ಮೊಕದ್ದಮೆ, 1954ರಲ್ಲಿ ಬೇರೆ ಬೇರೆ ಶಾಲೆಗಳ ಪದ್ಧತಿಯನ್ನು ಕೆಡವಿದ ತೀರ್ಪಿನಲ್ಲಿ ಸೇರಿತು. ಕರಿಯ ಮಕ್ಕಳನ್ನು ಬಿಳಿಯರ ಜೊತೆ ಕೂರಿಸಲೇಬೇಕು ಎಂದಾದಾಗ ಕೌಂಟಿಯ ಯಜಮಾನರು ಏನು ಮಾಡಿದರು ಗೊತ್ತೆ? ಸರ್ಕಾರಿ ಶಾಲೆಗಳನ್ನೇ ಮುಚ್ಚಿದರು. 1959ರಿಂದ 1964ರವರೆಗೆ, ಐದು ವರ್ಷ. ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕರಿಯರ ಎಷ್ಟೋ ಮಕ್ಕಳು ಅಕ್ಷರವಿಲ್ಲದೆ ಬೆಳೆದರು. ದಲಿತರು ನೀರು ಮುಟ್ಟಿದರೆಂದು ಬಾವಿಗೇ ಮಣ್ಣು ಹಾಕಿದಂತೆ ಇದು. ಆ ಮಕ್ಕಳು 1989ರಲ್ಲಿ ನಡುವಯಸ್ಸಿನ ಮತದಾರರು. ಶಾಲೆ ಮುಚ್ಚಿದವರಲ್ಲೂ ಹಲವರು ಇನ್ನೂ ಮತದಾರರೇ.

3

ಲಾರೆನ್ಸ್ ಡಗ್ಲಸ್ ವೈಲ್ಡರ್ ಹುಟ್ಟಿದ್ದು 1931ರಲ್ಲಿ, ರಿಚ್‌ಮಂಡಿನಲ್ಲಿ. ಅಜ್ಜ ಅಜ್ಜಿ ಗುಲಾಮರಾಗಿದ್ದವರು. ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಹೋರಾಡಿದ ಫ್ರೆಡರಿಕ್ ಡಗ್ಲಸ್, ಈ ಇಬ್ಬರ ಹೆಸರು ಸೇರಿಸಿ ಮಗನಿಗಿಟ್ಟರು. ಕೊರಿಯಾ ಯುದ್ಧದಲ್ಲಿ ಹೋರಾಡಿ ಪದಕ ತಂದ ಈತನಿಗೆ ಕಾನೂನು ಓದಲು ತನ್ನ ರಾಜ್ಯದಲ್ಲಿ ಜಾಗ ಸಿಗಲಿಲ್ಲ. ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯಕ್ಕೆ, ಕರಿಯರಿಗಾಗಿ ಕಟ್ಟಿದ ಸಂಸ್ಥೆಗೆ, ಹೋಗಬೇಕಾಯಿತು.

1969ರಲ್ಲಿ ರಾಜ್ಯದ ಸೆನೆಟ್ಟಿಗೆ ಗೆದ್ದರು. ಇಬ್ಬರು ಬಿಳಿ ಅಭ್ಯರ್ಥಿಗಳು ತಮ್ಮತಮ್ಮಲ್ಲೇ ವೋಟು ಹಂಚಿಕೊಂಡದ್ದರಿಂದ ಸಾಧ್ಯವಾದ ಗೆಲುವು ಅದು. ಹೋದ ಹೊಸದರಲ್ಲೇ, 1970ರಲ್ಲಿ, ರಾಜ್ಯಗೀತೆಯ ವಿರುದ್ಧ ಮಾತಾಡಿದರು. ಗುಲಾಮನೊಬ್ಬ ತನ್ನ ಧಣಿಯ ತೋಟಕ್ಕೆ ಮರಳಲು ಹಂಬಲಿಸುವ ಹಾಡು ಅದು. ಸಭೆಯಲ್ಲಿ ಕೋಲಾಹಲವೇ ಆಯಿತು. ಆ ಹಾಡನ್ನು ಬದಿಗೆ ಸರಿಸಿದ್ದು 1997ರಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಹೆಸರಲ್ಲಿ ರಜೆ ಬೇಕೆಂದು ವೈಲ್ಡರ್ ವರ್ಷಗಟ್ಟಲೆ ಮಸೂದೆ ತಂದರು. 1984ರಲ್ಲಿ ರಜೆ ಬಂತು, ಆದರೆ ಹೇಗೆ? ಗುಲಾಮಗಿರಿಯ ಪರ ಕಾದಾಡಿದ ಲೀ ಮತ್ತು ಜಾಕ್ಸನ್ ಎಂಬ ಇಬ್ಬರು ಸೇನಾಪತಿಗಳ ರಜೆಗೇ ಕಿಂಗ್ ಹೆಸರನ್ನು ಬಾಲದ ಹಾಗೆ ಅಂಟಿಸಿದರು. 2000ದವರೆಗೂ ವರ್ಜೀನಿಯಾದಲ್ಲಿ ಲೀ-ಜಾಕ್ಸನ್-ಕಿಂಗ್ ದಿನ ಆಚರಿಸಿದರು. ಮನುವಿನ ಜಯಂತಿಯ ದಿನವೇ ಬಾಬಾಸಾಹೇಬರ ಜಯಂತಿಯನ್ನೂ ಮುಗಿಸಿಬಿಡಿ ಎಂದಂತೆ.

ಆ ವೈಲ್ಡರ್ ಬದಲಾದರು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಇಡೀ ರಾಜ್ಯದ ವೋಟು ಬೇಕಾದವನಿಗೆ ಆ ರಾಜ್ಯದಲ್ಲಿ ಕರಿಯರು ನೂರಕ್ಕೆ ಹತ್ತೊಂಬತ್ತು ಮಂದಿ ಮಾತ್ರ ಎಂಬ ಲೆಕ್ಕ ಮರೆಯುವ ಹಾಗಿಲ್ಲ. 1985ರಲ್ಲಿ ಲೆಫ್ಟಿನೆಂಟ್ ಗವರ್ನರ್ ಸ್ಥಾನಕ್ಕೆ ನಿಂತಾಗ ಎರಡು ತಿಂಗಳು ಕಾರಿನಲ್ಲಿ ಊರೂರು ಸುತ್ತಿದರು. ಟೀವಿ ಜಾಹೀರಾತಿನಲ್ಲಿ ಅವರ ಪರ ಮಾತಾಡಿದವನು ಹಳ್ಳಿಗಾಡಿನ ಒಬ್ಬ ಬಿಳಿ ಪೊಲೀಸ. ಮರಣದಂಡನೆಯನ್ನು ವಿರೋಧಿಸುತ್ತಿದ್ದವರು ಅದರ ಪರ ನಿಂತರು. ಖರ್ಚು ಕಡಿತ, ಅಪರಾಧಕ್ಕೆ ಬಿಗಿ, ಇವೇ ಭಾಷಣದ ಮಾತುಗಳಾದವು. ಬಣ್ಣದ ಮಾತನ್ನು ಎತ್ತಲೇ ಇಲ್ಲ. 100ಕ್ಕೆ 51.8ರಷ್ಟು ವೋಟು ಪಡೆದು ಗೆದ್ದರು. ಅದೇ ದಿನ ಗೆದ್ದ ಅವರ ಪಕ್ಷದ ಮೂವರಲ್ಲಿ ಕಡಿಮೆ ಪ್ರಮಾಣದ ಗೆಲುವು ಅವರದೇ. 1989ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತಾಗ, ಹಿಂದಿನ ವರ್ಷವಷ್ಟೇ ದೇಶದ ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಸೆಣಸಿದ್ದ ಕರಿಯರ ನಾಯಕ ಜೆಸ್ಸಿ ಜಾಕ್ಸನ್ ಪ್ರಚಾರಕ್ಕೆ ವರ್ಜೀನಿಯಾ ಕಡೆ ಬರಲಿಲ್ಲ. ಬಂದರೆ ಬಿಳಿಯರ ವೋಟು ಓಡಿಹೋಗುತ್ತದೆ ಎಂಬ ಭಯ.

4

1989ರ ನವೆಂಬರ್ 7. ಡೆಮಾಕ್ರಟಿಕ್ ಪಕ್ಷದ ವೈಲ್ಡರ್ ಎದುರಿಗೆ ರಿಪಬ್ಲಿಕನ್ ಪಕ್ಷದ ಮಾರ್ಷಲ್ ಕೋಲ್ಮನ್. ಆ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟು ಗರ್ಭಪಾತದ ವಿಷಯದಲ್ಲಿ ರಾಜ್ಯಗಳ ಕೈಗೆ ಹೆಚ್ಚಿನ ಅಧಿಕಾರ ಕೊಟ್ಟಿತ್ತು. ಅತ್ಯಾಚಾರಕ್ಕೊಳಗಾದವಳಿಗೂ ಗರ್ಭಪಾತ ಬೇಡವೆಂಬ ನಿಲುವು ಕೋಲ್ಮನ್‌ನದು. ನಿರ್ಧಾರ ಹೆಣ್ಣಿಗೇ ಇರಲಿ ಎಂದವರು ವೈಲ್ಡರ್. ಪಟ್ಟಣಗಳ ಬಿಳಿ ಹೆಂಗಸರಲ್ಲಿ ಹಲವರು ಇದಕ್ಕಾಗಿ ಅವರತ್ತ ವಾಲಿದರು. ಸಮೀಕ್ಷೆಗಳು ವೈಲ್ಡರ್ ಸಲೀಸಾಗಿ ಗೆಲ್ಲುತ್ತಾರೆ ಎಂದವು. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದ ಒಂದು ಸಮೀಕ್ಷೆ ನೂರಕ್ಕೆ ಹತ್ತರ ಅಂತರ ಕೊಟ್ಟಿತ್ತು.

ಪೆಟ್ಟಿಗೆ ಬಿಚ್ಚಿದಾಗ ವೈಲ್ಡರ್‌ಗೆ 8,96,936. ಕೋಲ್ಮನ್‌ಗೆ 8,90,195. ಅಂತರ 6,741. ನೂರಕ್ಕೆ ಅರ್ಧವೂ ಇಲ್ಲ. ಕೋಲ್ಮನ್ ಮರುಎಣಿಕೆ ಕೇಳಿದ. ಅದರಲ್ಲೂ ಗೆಲುವು ಉಳಿಯಿತು.

ಪತ್ರಿಕೆಗಳು ಇದನ್ನು ಇತಿಹಾಸ ಎಂದು ಬರೆದವು. ನಿಜ, ಇತಿಹಾಸವೇ. ಆದರೆ ಪಟ್ಟಿಯ ಕೆಳಗಿನ ಎರಡು ಸಾಲನ್ನೂ ಓದಬೇಕು. ಅದೇ ದಿನ, ಅದೇ ಮತಗಟ್ಟೆಯಲ್ಲಿ, ಅದೇ ಪಕ್ಷದಿಂದ ಇನ್ನಿಬ್ಬರು ನಿಂತಿದ್ದರು, ಇಬ್ಬರೂ ಬಿಳಿಯರು. ಅಟಾರ್ನಿ ಜನರಲ್ ಸ್ಥಾನಕ್ಕೆ ನಿಂತ ಮೇರಿ ಸೂ ಟೆರ್ರಿಗೆ ನೂರಕ್ಕೆ 63. ಲೆಫ್ಟಿನೆಂಟ್ ಗವರ್ನರ್ ಸ್ಥಾನಕ್ಕೆ ನಿಂತ ಡಾನ್ ಬೇಯರ್‌ಗೆ ನೂರಕ್ಕೆ 54. ವೈಲ್ಡರ್‌ಗೆ ಐವತ್ತರ ಮೇಲೆ ಒಂದು ಚೂರು. ಟೆರ್ರಿ ಆಗಲೇ ಆ ಕುರ್ಚಿಯಲ್ಲಿದ್ದವರು, ಅವರನ್ನು ಬಿಡೋಣ. ಬೇಯರ್ ಯಾರು? ಕಾರು ಮಾರುವ ವ್ಯಾಪಾರಿ, ಅದುವರೆಗೆ ಒಂದು ಚುನಾಯಿತ ಸ್ಥಾನದಲ್ಲೂ ಕೂತವರಲ್ಲ. ವೈಲ್ಡರ್ ಹದಿನಾರು ವರ್ಷ ಸೆನೆಟ್ಟಿನಲ್ಲಿ, ನಾಲ್ಕು ವರ್ಷ ರಾಜ್ಯದ ಎರಡನೇ ಸ್ಥಾನದಲ್ಲಿ ಕೆಲಸ ಮಾಡಿದವರು. ಕಾರು ಮಾರುವವನನ್ನು ನಂಬಿದ ಕೈ ಇವರ ಹೆಸರಿನ ಮುಂದೆ ಬಂದು ತಡವರಿಸಿತು. ಆ ತಡವರಿಕೆಯ ಬೆಲೆ ನೂರಕ್ಕೆ ನಾಲ್ಕು. ಅಂದರೆ ಕರಿಯನಾಗಿ ಹುಟ್ಟಿದ್ದಕ್ಕೆ ಅವರು ಕಟ್ಟಿದ ತಲೆಗಂದಾಯ. 1966ರಲ್ಲಿ ಮತದಾರನ ಮೇಲಿನಿಂದ ಎದ್ದುಹೋದದ್ದು ಅಭ್ಯರ್ಥಿಯ ಮೇಲೆ ಉಳಿದುಕೊಂಡಿತ್ತು.

ಕರಿಯರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಅವರಿಗೆ ವೋಟು ಹಾಕಿದರು. ಬಿಳಿಯರಲ್ಲಿ ಸುಮಾರು ನಲವತ್ತು. ಈ ನಲವತ್ತನ್ನು ಹಗುರವಾಗಿ ಕಾಣಬಾರದು. ಶಾಲೆ ಮುಚ್ಚಿದ ನೆಲದಲ್ಲಿ ಹತ್ತರಲ್ಲಿ ನಾಲ್ವರು ಬಿಳಿಯರು ಗುಲಾಮನ ಮೊಮ್ಮಗನ ಕಡೆ ಬಂದದ್ದು ಸಣ್ಣ ಮಾತಲ್ಲ. ಆದರೆ ಅವರನ್ನು ಕರೆತರಲು ಆ ಮೊಮ್ಮಗ ತನ್ನ ಎಷ್ಟು ಮಾತನ್ನು ನುಂಗಬೇಕಾಯಿತು ಎಂಬುದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

5

ಈ ಓದಿಗೆ ಆಕ್ಷೇಪಗಳಿವೆ. ಎಲ್ಲಕ್ಕೂ ಬಣ್ಣವೇ ಕಾರಣವೆಂದರೆ ಹೇಗೆ ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೀಗೇ ಆಗಿತ್ತು. ಲಾಸ್ ಏಂಜಲೀಸಿನ ಮೇಯರ್ ಟಾಮ್ ಬ್ರಾಡ್ಲಿ ಗವರ್ನರ್ ಸ್ಥಾನಕ್ಕೆ ನಿಂತರು, ಸಮೀಕ್ಷೆಗಳೆಲ್ಲ ಅವರನ್ನು ಗೆಲ್ಲಿಸಿದ್ದವು. ಫಲಿತಾಂಶ ಬಂದಾಗ ಜಾರ್ಜ್ ಡ್ಯೂಕ್ಮೇಜಿಯನ್‌ಗೆ 38,81,014, ಬ್ರಾಡ್ಲಿಗೆ 37,87,669. 93,345 ವೋಟಿನ ಸೋಲು. ಬಾಯಲ್ಲಿ ಕರಿಯನ ಹೆಸರು ಹೇಳಿ ಪರದೆಯ ಹಿಂದೆ ಬಿಳಿಯನಿಗೆ ಒತ್ತುವುದಕ್ಕೆ 'ಬ್ರಾಡ್ಲಿ ಪರಿಣಾಮ' ಎಂಬ ಹೆಸರೇ ಬಂತು. ಆದರೆ ಅಲ್ಲಿ ಬೇರೆ ಕಾರಣಗಳೂ ಇದ್ದವು. ಮತಗಟ್ಟೆಗೆ ಬಂದವರ ಲೆಕ್ಕದಲ್ಲಿ ಬ್ರಾಡ್ಲಿ ಮುಂದಿದ್ದರು, ಅಂಚೆಯ ವೋಟುಗಳಲ್ಲಿ ಹಿಂದೆ ಬಿದ್ದರು. ಅದೇ ದಿನ ಕೈಬಂದೂಕು ನಿಯಂತ್ರಣದ ಪ್ರಸ್ತಾಪವೂ ವೋಟಿಗಿದ್ದು, ಅದನ್ನು ಸೋಲಿಸಲು ಬಂದವರು ಬ್ರಾಡ್ಲಿಯನ್ನೂ ಸೋಲಿಸಿ ಹೋದರು. 1990ರ ದಶಕದ ನಡುಭಾಗದಿಂದ ಈ ಪರಿಣಾಮ ಬಹುಮಟ್ಟಿಗೆ ಕಾಣುವುದಿಲ್ಲವೆಂದು ಸಂಶೋಧಕರು ತೋರಿಸಿದ್ದಾರೆ. 2008ರಲ್ಲಿ ಒಬಾಮಾ ವಿಷಯದಲ್ಲಿ ಸಮೀಕ್ಷೆಗಳು ಸುಳ್ಳಾಗಲಿಲ್ಲ.

ಇದನ್ನೆಲ್ಲ ಒಪ್ಪಿದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ವೈಲ್ಡರ್ ನಂತರ ಎರಡನೆಯ ಕರಿಯ ಗವರ್ನರ್ ವೋಟಿನಿಂದ ಗೆದ್ದದ್ದು 2006ರಲ್ಲಿ, ಮ್ಯಾಸಚುಸೆಟ್ಸ್‌ನ ಡಿವಾಲ್ ಪ್ಯಾಟ್ರಿಕ್. ಮೂರನೆಯವರು 2022ರಲ್ಲಿ, ಮೇರಿಲ್ಯಾಂಡಿನ ವೆಸ್ ಮೂರ್. ಐವತ್ತು ರಾಜ್ಯ, ಅಷ್ಟೂ ವರ್ಷಗಳ ಚುನಾವಣೆ, ಮೂರು ಹೆಸರು. ಜನ ಸಮೀಕ್ಷೆಯವರಿಗೆ ಸುಳ್ಳು ಹೇಳುವುದನ್ನು ಬಿಟ್ಟಿರಬಹುದು. ಕುರ್ಚಿ ಮಾತ್ರ ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟಿಲ್ಲ.

ಗೆದ್ದ ಮೇಲೆ ವೈಲ್ಡರ್ ಏನು ಮಾಡಿದರು? 1990ರ ಜನವರಿಯಲ್ಲಿ ಪ್ರಮಾಣ ಸ್ವೀಕರಿಸಿದವರು ಕೆಲವೇ ತಿಂಗಳಲ್ಲಿ, ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ವ್ಯವಹರಿಸುವ ಕಂಪನಿಗಳಿಂದ ರಾಜ್ಯದ ಹಣ ಹಿಂತೆಗೆಯಲು ಆಜ್ಞೆ ಮಾಡಿದರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದು ಮೊದಲು. ಒಬ್ಬನಿಗೆ ತಿಂಗಳಿಗೆ ಒಂದೇ ಕೈಬಂದೂಕು ಎಂಬ ಕಾನೂನು 1993ರಲ್ಲಿ ಬಂತು. ಇನ್ನೊಂದು ಕಡೆ, ಆರ್ಥಿಕ ಬಿಕ್ಕಟ್ಟಿನಲ್ಲಿ ತೆರಿಗೆ ಏರಿಸದೆ ಖರ್ಚು ಕಡಿದರು. ಅವರ ಕಾಲದಲ್ಲೂ ಮರಣದಂಡನೆಗಳು ನಡೆದವು. ಗೆಲ್ಲಲು ಕೊಟ್ಟ ಮಾತು ಗೆದ್ದ ಮೇಲೂ ಬೆನ್ನು ಬಿಡುವುದಿಲ್ಲ.

6

ಈಗ ನಮ್ಮ ಕಡೆ ತಿರುಗೋಣ. ವೈಲ್ಡರ್ ಎದುರಿಸಿದ್ದು ನಮ್ಮವರು 1932ರಲ್ಲೇ ಎದುರಿಸಿದ ಪ್ರಶ್ನೆ. ಶೋಷಿತರ ಪ್ರತಿನಿಧಿಯನ್ನು ಆರಿಸುವವರು ಶೋಷಿತರೋ, ಎಲ್ಲರೂ ಸೇರಿಯೋ? ಕೋಮುವಾರು ತೀರ್ಪು ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತ್ತು. ಗಾಂಧೀಜಿಯ ಉಪವಾಸದ ಒತ್ತಡದಲ್ಲಿ ಸೆಪ್ಟೆಂಬರ್ 24ರಂದು ಆದ ಪೂನಾ ಒಪ್ಪಂದ ಸೀಟುಗಳನ್ನು 71ರಿಂದ 148ಕ್ಕೆ ಏರಿಸಿತು, ಆರಿಸುವ ಕೊನೆಯ ಅಧಿಕಾರವನ್ನು ಎಲ್ಲ ಹಿಂದೂಗಳ ಕೈಗೂ ಕೊಟ್ಟಿತು. ಎರಡು ಸುತ್ತಿನ ಚುನಾವಣೆ. ಮೊದಲ ಸುತ್ತಿನಲ್ಲಿ ಅಸ್ಪೃಶ್ಯರು ಮಾತ್ರ ವೋಟು ಹಾಕಿ ನಾಲ್ವರನ್ನು ಆರಿಸಬೇಕು. ಎರಡನೇ ಸುತ್ತಿನಲ್ಲಿ ಎಲ್ಲರೂ ಸೇರಿ ಅವರಲ್ಲಿ ಒಬ್ಬನನ್ನು.

1946ರಲ್ಲಿ ಏನಾಯಿತು? ಮೊದಲ ಸುತ್ತು ನಡೆದ ಕಡೆಗಳಲ್ಲಿ ಅಸ್ಪೃಶ್ಯರ ವೋಟು ಕಾಂಗ್ರೆಸ್ಸಿಗಿಂತ ತಮ್ಮ ಶೆಡ್ಯೂಲ್ಡ್ ಕಾಸ್ಟ್ ಫೆಡರೇಷನ್ನಿಗೇ ಹೆಚ್ಚು ಬಂದಿದೆ ಎಂದು ಅಂಬೇಡ್ಕರ್ ಅಂಕಿ ಹಿಡಿದು ವಾದಿಸಿದರು. ಕೊನೆಯ ಸುತ್ತಿನಲ್ಲಿ ಫೆಡರೇಷನ್ ನೆಲಕಚ್ಚಿತು. ವರ್ಜೀನಿಯಾದ ಪಟ್ಟಿಯಲ್ಲಿ ಬೇಯರ್ ಸಾಲನ್ನೂ ವೈಲ್ಡರ್ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿದಂತೆ, ಇಲ್ಲಿ ಎರಡು ಸುತ್ತನ್ನು ಪಕ್ಕಪಕ್ಕ ಇಟ್ಟು ನೋಡಬಹುದಿತ್ತು. ನಮ್ಮವರು ಯಾರನ್ನು ಕೇಳಿದರು, ಊರು ಯಾರನ್ನು ಕೊಟ್ಟಿತು, ಎರಡೂ ಲೆಕ್ಕ ಕಣ್ಣೆದುರಿಗಿತ್ತು. 1950ರ ಸಂವಿಧಾನದಲ್ಲಿ ಮೀಸಲು ಕ್ಷೇತ್ರ ಉಳಿಯಿತು, ಮೊದಲ ಸುತ್ತು ಇಲ್ಲವಾಯಿತು. ಅದರೊಂದಿಗೆ ಆ ಲೆಕ್ಕವೂ ಹೋಯಿತು.

ಇನ್ನೊಂದು ಬಾಗಿಲು ಮುಚ್ಚಿದ ಕಥೆ ಕಡಿಮೆ ಜನರಿಗೆ ಗೊತ್ತು. ಮೊದಮೊದಲು ದ್ವಿಸದಸ್ಯ ಕ್ಷೇತ್ರಗಳಿದ್ದವು, ಒಂದು ಮೀಸಲು, ಒಂದು ಸಾಮಾನ್ಯ. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಎರಡೂ ಸೀಟನ್ನು ಬುಡಕಟ್ಟಿನ ಅಭ್ಯರ್ಥಿಗಳೇ ಗೆದ್ದರು. ಸೋತವರು ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ. ಸಾಮಾನ್ಯ ಸೀಟು ಇವರಿಗೆ ಹೇಗೆ ಹೋಗುತ್ತದೆಂದು ಗಿರಿ ಮೊಕದ್ದಮೆ ಹೂಡಿದರು; 1959ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. 1961ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದು ಮಾಡಿತು.

ಇನ್ನು ಮುಖ್ಯಮಂತ್ರಿ ಕುರ್ಚಿ. ಆಂಧ್ರದಲ್ಲಿ 1960ರಲ್ಲಿ ದಾಮೋದರಂ ಸಂಜೀವಯ್ಯ ಬಂದರು. ಕರ್ನಾಟಕದಲ್ಲಿ 1956ರಿಂದ 2023ರ ಚುನಾವಣೆಯ ನಂತರದ ಸರ್ಕಾರ ರಚನೆಯವರೆಗೆ ಒಬ್ಬ ದಲಿತನೂ ಆ ಕುರ್ಚಿಯಲ್ಲಿ ಕೂರಲಿಲ್ಲ. ಮಲ್ಲಿಕಾರ್ಜುನ ಖರ್ಗೆ, ಜಿ. ಪರಮೇಶ್ವರ ಇವರ ಹೆಸರು ಚರ್ಚೆಗೆ ಬರುತ್ತದೆ, ಹಾಗೇ ಹೋಗುತ್ತದೆ. ಯಾರು ಬೇಡವೆಂದರು? ಎಷ್ಟು ಜನ ಬೇಡವೆಂದರು? ಯಾವ ಅಂತರದಲ್ಲಿ? ಕೇಳಿದರೆ ಇನ್ನೂ ಕಾಲ ಪಕ್ವವಾಗಿಲ್ಲ ಅಂತಾರೆ. ವರ್ಜೀನಿಯಾದ ಬಿಳಿಯನ ಪೂರ್ವಗ್ರಹಕ್ಕೆ ಕನಿಷ್ಠ ಒಂದು ಅಂಕಿ ಇದೆ. ನಮ್ಮ ಸವರ್ಣೀಯ ಪೂರ್ವಗ್ರಹ ಮುಚ್ಚಿದ ಕೋಣೆಯಲ್ಲಿ ಒಮ್ಮತ ಎಂಬ ಹೆಸರಲ್ಲಿ ಹೊರಗೆ ಬರುತ್ತದೆ.

ಹಾಗಾದರೆ ನಮ್ಮ ಮುಖ ಕುರ್ಚಿಯಲ್ಲಿ ಕಂಡರೆ ಸಾಕೆ? ಸಾಲದು. 2025ರಲ್ಲಿ ವರ್ಜೀನಿಯಾದಲ್ಲೇ ವಿನ್ಸಮ್ ಅರ್ಲ್-ಸಿಯರ್ಸ್ ಎಂಬ ಕರಿಯ ಮಹಿಳೆ ರಿಪಬ್ಲಿಕನ್ ಪಕ್ಷದಿಂದ ಗವರ್ನರ್ ಸ್ಥಾನಕ್ಕೆ ನಿಂತು ಸೋತರು. ಕರಿಯರ ವೋಟು ಬಹುಪಾಲು ಹೋದದ್ದು ಬಿಳಿಯ ಮಹಿಳೆ ಅಬಿಗೇಲ್ ಸ್ಪಾನ್‌ಬರ್ಗರ್ ಅವರಿಗೆ. ಮುಖ ನೋಡಿ ಮೋಸಹೋಗುವ ಜನ ಅವರಲ್ಲ. ಉತ್ತರ ಪ್ರದೇಶದಲ್ಲಿ 2007ರಲ್ಲಿ 403ರಲ್ಲಿ 206 ಸೀಟು ಗೆದ್ದು ಮಾಯಾವತಿ ಬಂದಾಗ ಕೂಡಿಬಂದದ್ದು ಎರಡು ಸಂಗತಿ: ದಲಿತ ಹೆಣ್ಣುಮಗಳು, ಜೊತೆಗೆ ದಲಿತರೇ ಕಟ್ಟಿದ ಪಕ್ಷ. ವೈಲ್ಡರ್‌ಗೆ ಎರಡನೆಯದು ಇರಲಿಲ್ಲ. ಸಂಜೀವಯ್ಯನವರಿಗೂ ಇರಲಿಲ್ಲ.

ಗೆಳೆಯರಲ್ಲಿ, ಮುಖ್ಯವಾಗಿ ವಿದ್ಯಾರ್ಥಿಗಳಲ್ಲಿ, ನನ್ನದೊಂದು ಕೋರಿಕೆ. ಪ್ರತಿ ಚುನಾವಣೆಯ ನಂತರ ಮತಗಟ್ಟೆವಾರು ಫಲಿತಾಂಶ 20ನೇ ನಮೂನೆಯಲ್ಲಿ ಸಿಗುತ್ತದೆ. ನಿಮ್ಮ ತಾಲ್ಲೂಕಿನದನ್ನು ತೆಗೆದುಕೊಳ್ಳಿ. ಕೇರಿಯ ಜನ ಹೆಚ್ಚಿರುವ ಮತಗಟ್ಟೆ ಯಾವುದು, ಊರಿನದು ಯಾವುದು ಎಂದು ಗುರುತು ಹಾಕಿ. ಮೀಸಲು ಕ್ಷೇತ್ರದಲ್ಲಿ ಗೆದ್ದವನು ಕೇರಿಯಲ್ಲಿ ಗೆದ್ದನೋ ಸೋತನೋ ನೋಡಿ. ದಲಿತ ಅಭ್ಯರ್ಥಿ ಸಾಮಾನ್ಯ ಕ್ಷೇತ್ರದಲ್ಲಿ ನಿಂತಾಗ, ಅದೇ ಪಕ್ಷ ಹಿಂದಿನ ಚುನಾವಣೆಯಲ್ಲಿ ಊರಿನ ಮತಗಟ್ಟೆಯಲ್ಲಿ ಪಡೆದದ್ದೆಷ್ಟು, ಈಗ ಪಡೆದದ್ದೆಷ್ಟು ಎಂದು ಕಳೆದು ನೋಡಿ. ಆ ಕಳೆದ ಲೆಕ್ಕವನ್ನು ಊರು, ವರ್ಷ, ಮತಗಟ್ಟೆ ಸಂಖ್ಯೆ ಸಮೇತ ಬರೆದಿಡಿ. ಕಾಲ ಪಕ್ವವಾಗಿಲ್ಲ ಎಂದು ಮುಂದಿನ ಸಲ ಯಾರಾದರೂ ಹೇಳಿದಾಗ ಆ ಹಾಳೆಯನ್ನು ಅವರ ಮುಂದಿಡೋಣ.